ಕೆಂಪು ದಾರ ಕಟ್ಟಿದ ಭತ್ತ

ಕೊಕ್ಕರ್ಣೆಯ ನಮ್ಮ ಮನೆಯ ಕೆಳಗಿನ ಗದ್ದೆಗಳಲ್ಲಿ ಒಂದು ತುಂಡಿಗೆ ನನ್ನ ತಮ್ಮ ಬೇಕೆಂದೇ ರೋಗ ಬರಿಸುತ್ತಿದ್ದ. ಬೇರೆ ಗದ್ದೆಗಳಿಗೆ ಮದ್ದು ಹೊಡೆದರೂ ಅದಕ್ಕೆ ಇಲ್ಲ. ಮೇಲಿಂದ ಯೂರಿಯಾ ಜಾಸ್ತಿ ಹಾಕುತ್ತಿದ್ದ. ಹಾಗೆ ಹಾಕಿದರೆ ಎಲೆ ಮೆತ್ತಗಾಗಿ ಬೆಂಕಿ ರೋಗಕ್ಕೆ ಬೇಗ ಸಿಕ್ಕಿಬೀಳುತ್ತದಂತೆ. ಮಳೆ ಹಿಡಿದುಕೊಂಡ ಮೇಲೆ ಎಲೆಗಳಲ್ಲಿ ಕಣ್ಣಿನ ಆಕಾರದ ಚುಕ್ಕೆ ಏಳುತ್ತಿತ್ತು, ನಡುವೆ ಬೂದಿ ಬಣ್ಣ, ಸುತ್ತ ಕಂದು. ಸ್ವಲ್ಪ ದಿನಕ್ಕೆ ಇಡೀ ತುಂಡು ಸುಟ್ಟ ಹಾಗೆ ಕಾಣುತ್ತಿತ್ತು. ಆಗ ಅವನು ಕೆಸರಿಗೆ ಇಳಿದು, ಬಗ್ಗಿಕೊಂಡು, ಒಂದೊಂದೇ ಬುಡ ನೋಡುತ್ತ ಹೋಗುತ್ತಿದ್ದ. ಅಷ್ಟು ರೋಗದ ನಡುವೆ ಹಸಿರಾಗಿಯೇ ನಿಂತ ಬುಡ ಸಿಕ್ಕಿದರೆ ಅದಕ್ಕೊಂದು ಕೆಂಪು ದಾರ. ನನ್ನ ಹಳೆಯ ಸೀರೆಯ ಅಂಚಿನಿಂದ ಎಳೆದ ದಾರ. ಕೊಯ್ಲಿನಲ್ಲಿ ದಾರ ಕಟ್ಟಿದ್ದನ್ನು ಬೇರೆಯಾಗಿ ಕೊಯ್ದು, ಮರುವರ್ಷ ಅದೇ ತುಂಡಿಗೆ ಬೀಜ ಹಾಕುತ್ತಿದ್ದ.

ಬ್ರಹ್ಮಾವರದಲ್ಲಿ ಕೃಷಿಕರ ಒಂದು ಸಭೆಗೆ ಹೋಗಿ ಬಂದ ಮೇಲೆ ಹುಟ್ಟಿದ ಹುಚ್ಚು ಅದು. ಈ ರೋಗವೂ ಉಪ್ಪಿನಕಾಯಿ ಭರಣಿಗೆ ಬರುವ ಬೂಸ್ಟಿನ ಜಾತಿಯದೇ, ಅದನ್ನು ತಡೆಯುವ ಗುಣ ಕೆಲವು ಗಿಡಗಳಿಗೆ ಹುಟ್ಟಿನಲ್ಲೇ ಇರುತ್ತದೆ, ಬೀಜದ ಮೂಲಕ ಮುಂದಕ್ಕೂ ಇಳಿಯುತ್ತದೆ ಎಂದು ಊಟಕ್ಕೆ ಕೂತಾಗ ನನಗೆ ವಿವರಿಸಿದ್ದ.

"ರೋಗವೇ ಬಾರ್ದಿದ್ರೆ ಯಾವ್ದ್ ಗಟ್ಟಿ ಅಂತ ಹ್ಯಾಂಗ್ ಗೊತ್ತಾಪುದ್ ಅಕ್ಕ?"

ಊರಿನವರಿಗೆ ಅದು ತಮಾಷೆ. ಅವನು ಮುಂಬೈಯ ಹೋಟೆಲಿನಲ್ಲಿ ದುಡಿದು ವಾಪಸು ಬಂದವನು. ಪಕ್ಕದ ಗದ್ದೆಯವರು ಅಂಚಿನಲ್ಲಿ ನಿಂತು ಕೂಗುತ್ತಿದ್ದರು: "ಹ್ವಾಯ್, ಮುಂಬೈಯಗೆ ಇಡ್ಲಿ ಬೇಯ್ಸಿದವ್ರ್ ಈಗ ಗದ್ದಿಯಗೆ ಆಸ್ಪತ್ರಿ ಇಟ್ಟದ್ದಾ?"

"ಹೌದ್ ಮಾರಾಯ್ರೆ. ನಿಮ್ ಗದ್ದಿಯಿಂದ್ಲೂ ಎರಡ್ ಪೇಷಂಟ್ ಕಳ್ಸಿ, ಬೆಡ್ ಖಾಲಿ ಇತ್ತ್."

ಅವರು ನಗುತ್ತಿದ್ದರು, ಅವನೂ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಕೂತವಳು ನಾನು. ನಮ್ಮ ಮನೆಯ ಕಡೆ ನೋಡಿ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕ ಹಾಗಾಗುತ್ತಿತ್ತು.

ಆದರೆ ವರ್ಷ ಹೋದ ಹಾಗೆ ಆ ತುಂಡಿನಲ್ಲಿ ಹಸಿರು ಹೆಚ್ಚುತ್ತ ಬಂತು. ಕೊನೆಗೆ ನನ್ನಂಥವಳಿಗೂ ಕಾಣುವಷ್ಟು. ಆ ಸಲದ ಬೀಜವನ್ನು ಅವನು ಚೀಲಕ್ಕೆ ತುಂಬಿ, ಮುಂದಿನ ಮಳೆಗಾಲಕ್ಕೆ ದೊಡ್ಡ ಗದ್ದೆಗೂ ಇದನ್ನೇ ಹಾಕುವುದು ಎಂದ.

ಅವನು ನೆಂಟರ ಮದುವೆಗೆ ಬೈಂದೂರಿಗೆ ಹೋದ ದಿನ ನಾನು ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಕೆಲಸ ಹಿಡಿದಿದ್ದೆ. ನಮ್ಮಲ್ಲಿ ಮೊದಲ ದಿನ ಭತ್ತವನ್ನು ಬಿಸಿನೀರಿಗೆ ಹಾಕಿಟ್ಟು, ಮರುದಿನ ಬೇಯಿಸುವುದು. ಹೊಗೆಯಿಂದ ಕಣ್ಣು ಉರಿಯುತ್ತಿತ್ತು, ಸೊಂಟ ಬಿದ್ದುಹೋಗಿತ್ತು. ಕೊನೆಯ ಹಂಡೆಗೆ ಜಗಲಿಯ ಮೂಲೆಯಲ್ಲಿದ್ದ ಚೀಲವನ್ನು ತಂದು ಸುರಿದೆ. ಸುರಿದ ಮೇಲೆ ನೀರಿನ ಮೇಲೆ ಕೆಂಪು ದಾರದ ಒಂದು ತುಂಡು ತೇಲಿ ಬಂತು. ಬಿಸಿಲಿಗೆ ಹಾಕಲೆಂದು ಅವನು ಅಟ್ಟದಿಂದ ಇಳಿಸಿದ್ದ ಬೀಜದ ಚೀಲ ಅದು.

ಕೂಡಲೇ ನೀರು ಬಸಿದೆ. ಸಿಪ್ಪೆ ಬಾಯಿ ಬಿಟ್ಟಿರಲಿಲ್ಲ. ನೋಡಲು ಮೊದಲಿನ ಹಾಗೆಯೇ ಇತ್ತು. ಚಾಪೆಯಲ್ಲಿ ಹರಡಿ ಒಣಗಿಸಿ ಚೀಲಕ್ಕೆ ತುಂಬಿ ಅದೇ ಮೂಲೆಯಲ್ಲಿಟ್ಟೆ. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡೆ. ಭತ್ತ ಬೇಯಿಸಿಯೇ ತಲೆ ನರೆತವಳಿಗೆ ಏನಾಗಿದೆ ಎಂದು ಗೊತ್ತಿರಲಿಲ್ಲವೇ?

ಬಿತ್ತುವ ಕಾಲಕ್ಕೆ ಅವನು ಬೀಜ ನೆನೆಹಾಕಿ, ಗೋಣಿ ಹೊದೆಸಿ, ಮೇಲೆ ಕಲ್ಲು ಹೇರಿ ಮೊಳಕೆಗೆ ಇಟ್ಟ. ಗೋಣಿ ಬಿಚ್ಚಿದ ದಿನ ಹುಳಿ ವಾಸನೆ ಬಂತು. ಅವನು ಭತ್ತದೊಳಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದ.

"ಅಕ್ಕ, ಒಂದೂ ಮೊಳಕಿ ಬರ್ಲಿಲ್ಲ ಮಾರಾಯ್ತಿ. ಬಿಸ್ಲ್ ಜಾಸ್ತಿ ಆಯ್ತ್ ಕಾಂತ್. ನನ್ ಕೈಗುಣವೇ ಸಮ ಇಲ್ಲ."

ನಾನು ಒಲೆಯ ಮುಂದೆ ಕೂತಿದ್ದವಳು, ತಿರುಗಿ ನೋಡದೆ, "ಹೋಯ್ಲಿ ಬಿಡ್ ಮಾಣಿ" ಎಂದೆ. ಅಷ್ಟೇ.

ಅವನು ಆ ಭತ್ತವನ್ನು ಕೋಳಿಗಳಿಗೆ ಚೆಲ್ಲಿ, ತಲ್ಲೂರಿನ ಅಂಗಡಿಯಿಂದ ಬೀಜ ತಂದ. ಆಮೇಲೆ ದಾರ ಕೇಳಲಿಲ್ಲ. ಆ ತುಂಡಿಗೂ ಮದ್ದು ಹೊಡೆದ. ಪಕ್ಕದ ಗದ್ದೆಯವರು "ಆಸ್ಪತ್ರಿ ಬಂದ್ ಆಯ್ತಾ?" ಎಂದು ಕೇಳಿದಾಗ ಅಂಚು ಹತ್ತಿ ಮನೆಗೆ ಬಂದ. ನಾನು ಬಯಸಿದ್ದು ಅದನ್ನೇ, ಜನ ನಗುವುದು ನಿಲ್ಲಬೇಕು ಎಂದು. ನಿಂತಿತು. ಮನೆಯಲ್ಲಿ ಅವನ ಮಾತೂ ನಿಂತಿತು.

ಈ ಮಳೆಗಾಲ ದೊಡ್ಡ ಗದ್ದೆಗೇ ಬೆಂಕಿ ರೋಗ ಬಂತು. ಹಸಿರು ಬುಡ ಉಂಟೋ ಹೋಗಿ ನೋಡು ಎಂದೆ. ನೋಡಿ ಎಂತ ಮಾಡುವುದು, ಬೀಜ ಉಳಿಸುವ ಕೈಗುಣ ತನಗಿಲ್ಲ ಎಂದ. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

"ಆ ಬೀಜ ನೀನ್ ಹಾಳ್ ಮಾಡಿದ್ದಲ್ಲ ಮಾಣಿ. ನೀನ್ ಬೈಂದೂರಿಗ್ ಹೋದಾಗ ನಾನ್ ತಪ್ಪಿ ಬಿಸಿನೀರಿಗ್ ಹಾಕಿದ್ದೆ."

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಇಷ್ಟೇ:

"ಸಿಪ್ಪಿ ಬಾಯ್ ಬಿಟ್ಟಿತ್ತಾ?"

"ಇಲ್ಲ. ಕೂಡ್ಲೇ ಬಸ್ದೆ."

"ಹಾಂಗಾರೆ ಮೇಲಿದ್ದದ್ದ್ ಒಂದೊಂದ್ ಕಾಳ್ ಬದ್ಕಿ ಇದ್ದಿರ್ಕ್. ಹೇಳಿದ್ರೆ ಇನ್ನೊಂದ್ ವಾರ ಕಾಯ್ತಿದ್ದೆ. ಒಂದ್ ಮುಷ್ಟಿ ಸಿಕ್ಕಿದ್ರೂ ಸಾಕಿತ್ತಲ್ಲ ಅಕ್ಕ. ನಾನ್ ಕೋಳಿಗ್ ಹಾಕ್ದೆ."

ಅಲ್ಲಿಯವರೆಗೆ ನನ್ನ ತಪ್ಪು ಆ ಹಂಡೆಯದಷ್ಟೇ ಎಂದು ತಿಳಿದಿದ್ದೆ.

ಈಗ ಬೆಳಿಗ್ಗೆ ಕೆಲಸ ಮುಗಿಸಿ ನಾನೇ ಗದ್ದೆಗೆ ಇಳಿಯುತ್ತೇನೆ. ಮೊಣಗಂಟು ನೋಯುತ್ತದೆ, ಕನ್ನಡಕದ ಮೇಲೆ ಮಳೆ ಹನಿ ಕೂರುತ್ತದೆ. ಎಲ್ಲ ಬುಡಗಳೂ ಒಂದೇ ಹಾಗೆ ಕಾಣುತ್ತವೆ. ಮೊನ್ನೆ ಒಂದು ಹಸಿರಾಗಿ ಕಂಡಿತು, ದಾರ ಕಟ್ಟಿ ಅವನನ್ನು ಕರೆದೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ಬಗ್ಗಿ, ಬುಡ ಬಿಡಿಸಿ, ಒಳಗಿನ ಒಂದು ಎಲೆಯನ್ನು ನನ್ನ ಕಡೆ ತಿರುಗಿಸಿದ. ಅದರ ಮೇಲೆ ಕಣ್ಣಿನ ಆಕಾರದ ಸಣ್ಣ ಚುಕ್ಕೆ.

ದಾರ ಬಿಚ್ಚಿ ನನ್ನ ಕೈಗೆ ಕೊಟ್ಟ.

"ದಾರ ದಂಡ ಮಾಡ್ಬೇಡ. ಸಮ ಕಂಡ್ ಕಟ್ಟ್" ಎಂದು ಹೇಳಿ ಅಂಚು ಹತ್ತಿ ಹೋದ. ನಾನು ಪಕ್ಕದ ಬುಡಕ್ಕೆ ಬಗ್ಗಿದೆ.