ಅಂಜಿನಯ್ಯನ ಗಾಡಿಗೆ ಬೇರೆ ಎಂಜಿನ್

ಮಾರೇನಹಳ್ಳಿಯ ಅಂಜಿನಯ್ಯನಿಗೆ ಒಂದು ಜಂಬವಿತ್ತು. ಹುಟ್ಟಿದಾಗಿನಿಂದ ತಾನು ಯಾರ ಕೈಕೆಳಗೂ ದುಡಿದವನಲ್ಲ ಎಂಬುದೇ ಆ ಜಂಬ. ಬಡವನಿಗೆ ಯಾಕಪ್ಪಾ ಇಷ್ಟು ಕೊಬ್ಬು ಎನ್ನುವವರು ಅವನ ಅಪ್ಪನ ಕತೆ ಕೇಳಬೇಕು. ರಾಗಿ ಬೆಳೆಯುತ್ತಿದ್ದ ಹೊಲವನ್ನು ಬಡಾವಣೆ ನುಂಗಿದ ಮೇಲೆ, ಅದೇ ಹೊಲದಲ್ಲಿ ಎದ್ದ ಮನೆಯೊಂದರ ಗೇಟಿನ ಮುಂದೆ ಅಪ್ಪ ವಾಚ್‌ಮನ್ ಆಗಿ ಕೂತ. ಪ್ರತಿ ಆಯುಧಪೂಜೆಗೆ ಆ ಮನೆಯ ಯಜಮಾನ ತನ್ನ ಕಾರಿಗೆ ಪೂಜೆ ಮಾಡಿ, ಕೆಲಸದವರನ್ನು ಸಾಲಾಗಿ ನಿಲ್ಲಿಸಿ, ಕಡ್ಲೆಪುರಿ ಪೊಟ್ಟಣ, ಸ್ವೀಟ್ ಬಾಕ್ಸು, ಒಂದು ಕವರು ಕೊಡುತ್ತಿದ್ದ. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು, ಎರಡೂ ಕೈ ಚಾಚಿ, ‘ಬರ್ಲಿ ಸಾರ್’ ಎಂದು ಈಸಿಕೊಳ್ಳುತ್ತಿದ್ದ. ಆ ಪುರಿಯನ್ನು ಅಂಜಿನಯ್ಯ ಒಂದು ದಿನವೂ ಬಾಯಿಗೆ ಹಾಕಲಿಲ್ಲ.

ಮೊದಲು ಆಟೋ, ಆಮೇಲೆ ಹಳದಿ ಬೋರ್ಡಿನ ಕಾರು. ಎರಡೂ ಸ್ವಂತದ್ದು. ಹಿಂದಿನ ಗಾಜಿನ ಮೇಲೆ ಹೆಂಡತಿ ಹನುಮಕ್ಕನ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದ್ದ. ವಿಜಯನಗರ, ರಾಜಾಜಿನಗರದ ಮನೆಗಳವರು ಆಸ್ಪತ್ರೆಗೆ, ಛತ್ರಕ್ಕೆ ಅವನನ್ನೇ ಫೋನು ಮಾಡಿ ಕರೆಯುತ್ತಿದ್ದರು. ಗಿರಾಕಿಗಳಿಗೆ ಅವನೂ ‘ಸಾರ್’ ಅನ್ನುತ್ತಿದ್ದ, ಅದು ವ್ಯಾಪಾರದ ಮಾತು. ಯಜಮಾನನಿಗೆ ಅನ್ನುವ ‘ಸಾರ್’ ಬೇರೆ. ಅದನ್ನು ಅವನ ನಾಲಿಗೆ ಕಲಿತಿರಲಿಲ್ಲ.

ಹೋದ ವರ್ಷದ ಆಯುಧಪೂಜೆಯ ಹೊತ್ತಿಗೆ ಕಾರಿಗೆ ಹನ್ನೆರಡು ವರ್ಷ. ಸೀಟು ಹರಿದಿತ್ತು, ಬಾಗಿಲು ಕಿರುಗುಟ್ಟುತ್ತಿತ್ತು. ಆದರೇನು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ! ತೋಳು ಗಾತ್ರದ ಸೇವಂತಿಗೆ ಹಾರ ತಂದು ಮುಂದಿನ ಜಾಲರಿಯ ತುಂಬ ಎರಡು ಸುತ್ತು ಕಟ್ಟಿದ. ಅಕ್ಕಪಕ್ಕ ಬಾಳೆಕಂದು ಬೇರೆ. ಆ ಜಾಲರಿಯ ಹಿಂದೆಯೇ ರೇಡಿಯೇಟರ್ ಇದೆ, ಎಂಜಿನ್ನು ತಂಪಾಗುವುದು ಅಲ್ಲಿಂದ ನುಗ್ಗುವ ಗಾಳಿಯಿಂದಲೇ ಎಂಬುದು ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಾರನೆಯ ದಿನ ಹೊರಡುವಾಗ ಹಾರಕ್ಕೆ ಕೈ ಹಾಕಿದ್ದ ಕೂಡ.

“ಪೂಜೆ ಮಾಡಿದ ಹಾರ ಕೈಯಾರೆ ಕೀಳ್ಬಾರ್ದು ಕಣ್ರೀ. ಒಣಗಿ ತಾನಾಗೇ ಉದುರ್ಬೇಕು” ಎಂದಳು ಹನುಮಕ್ಕ.

ಬಿಟ್ಟ. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿದ್ದನ್ನು ಕಂಡ. ಪಕ್ಕಕ್ಕೆ ನಿಲ್ಲಿಸಿ ಇಳಿದು ಹಾರವನ್ನು ನೋಡಿದ. ಕೈ ಮುಂದೆ ಹೋಯಿತು, ಹಿಂದೆ ಬಂತು. ಇನ್ನೇನು ಕೆಂಗೇರಿ ಬಂತಲ್ಲ, ದೇವರಿದ್ದಾನೆ ಎಂದುಕೊಂಡು ಮತ್ತೆ ಹೊರಟ. ಕೆಂಗೇರಿ ಬಂತು. ಬಾನೆಟ್ಟಿನಿಂದ ಹೊಗೆಯೂ ಬಂತು. ಒಳಗೆ ಏನೋ ಕಟಕಟ ಎಂದು, ಗಾಡಿ ಸತ್ತುಹೋಯಿತು.

ಹೆಗ್ಗನಹಳ್ಳಿಯ ಮೆಕ್ಯಾನಿಕ್ ಭೈರೇಶ್ ಬಾನೆಟ್ಟೆತ್ತಿ ರೇಡಿಯೇಟರಿಗೆ ಅಂಟಿದ್ದ ಸೇವಂತಿಗೆ ಎಸಳುಗಳನ್ನು ಬಿಡಿಸಿದ.

“ಏನಣ್ಣಾ, ಪೂಜೆ ಮಾಡಿ ಉಸಿರು ಕಟ್ಸಿದೀರಲ್ಲ! ಕಾದ ಮೇಲೂ ಓಡ್ಸಿದೀರ. ಎಂಜಿನ್ ಬ್ಲಾಕೇ ಸೀಳ್ಹೋಗಿದೆ. ರಿಪೇರಿ ಆಗಲ್ಲ, ಎಂಜಿನ್ನೇ ಬದಲಾಯಿಸ್ಬೇಕು.”

“ಎಷ್ಟಾಗತ್ತಪ್ಪ?”

“ಹೊಸದಾದ್ರೆ ಎರಡು ಲಕ್ಷದ ಮೇಲೆ. ಬಿಲ್ ಇರೋ ಸೆಕೆಂಡ್ ಹ್ಯಾಂಡ್ ಎಂಜಿನ್ ಆದ್ರೆ, ಕೂರ್ಸೋದೆಲ್ಲ ಸೇರಿ ಒಂದೂಕಾಲು. ಬೇಜಾರ್ ಮಾಡ್ಕೋಬೇಡಿ, ನಿಮ್ ಗಾಡೀನೇ ಅಷ್ಟು ಬಾಳಲ್ಲ. ಗುಜರಿಗೆ ಹಾಕ್ಬಿಡಿ.”

ಮೂಗಿಗಿಂತ ಮೂಗುತಿ ಭಾರ. ಅದು ಅಂಜಿನಯ್ಯನಿಗೂ ಗೊತ್ತಿತ್ತು. ಆದರೆ ಮೂಗು ಕೊಯ್ದುಕೊಂಡು ಬದುಕುವುದು ಹೇಗೆ? ಹಳೆಯ ಗಾಡಿಗೆ ಸಾಲವಿಲ್ಲ ಎಂದಿತು ಬ್ಯಾಂಕು. ಹನುಮಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳನ್ನು ಬೈಯಬೇಕೆನಿಸಿತು ಅವನಿಗೆ. ಆದರೆ ದಾರಿಯಲ್ಲಿ ಕೈ ಹಿಂದೆಳೆದುಕೊಂಡವನು ತಾನೇ ಅಲ್ಲವೇ?

ಆಗ ಬಂದ ಅಳಿಯ ಮಂಜುನಾಥ್. ಬಸವೇಶ್ವರನಗರದಲ್ಲಿ ಟ್ರಾವೆಲ್ಸ್ ಇಟ್ಟವನು, ನಾಲ್ಕು ಕಾರಿನ ಒಡೆಯ.

“ನಾನಿಲ್ವಾ ಮಾವ? ಸುಮ್ನಿರಿ, ನಾನ್ ಹಾಕಿಸ್ಕೊಡ್ತೀನಿ.”

ಕರೆಯದೆ ಬಂದ ದೇವರು ಎಂದು ಹನುಮಕ್ಕ ಅಳಿಯನಿಗೆ ಹೋಳಿಗೆ ಬಡಿಸಿದಳು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರೆ. ಗಾದೆ ಕಟ್ಟಿದವನಿಗೆ ಇಂಥ ಅಳಿಯ ಇರಲಿಲ್ಲವೆಂದು ಕಾಣುತ್ತದೆ. ಎಂಜಿನ್ನು ಕೂತಿತು. ಎಂಜಿನ್ ನಂಬರು ಬದಲಾದರೆ ಆರ್‌ಸಿಯಲ್ಲೂ ಬದಲಾಯಿಸಬೇಕಲ್ಲ, ಅದಕ್ಕೆ ಮಂಜುನಾಥನೇ ಕಾಗದ ತಂದ.

“ಹೆಂಗಿದ್ರೂ ಆರ್‌ಟಿಓಗೆ ಹೋಗ್ತಾ ಇದೀವಿ, ಹಂಗೇ ಗಾಡೀನೂ ನನ್ ಹೆಸರಿಗೆ ಮಾಡ್ಬಿಡೋಣ ಮಾವ. ಇನ್ಶೂರೆನ್ಸು, ಟ್ಯಾಕ್ಸು ಎಲ್ಲ ಒಂದೇ ಕಡೆ ಆಗತ್ತೆ. ಗಾಡಿ ನಿಮ್ದೇ. ಹೆಸರು ಮಾತ್ರ ನಂದು.”

ಮಗಳು ದಿವ್ಯ ಗಂಡನ ಪಕ್ಕದಲ್ಲೇ ಇದ್ದಳು. ಅಪ್ಪ ತನ್ನ ಮುಖ ನೋಡಿದ್ದು ತಿಳಿದೂ ಫೋನಿನಿಂದ ಕಣ್ಣೆತ್ತಲಿಲ್ಲ. ಅಂಜಿನಯ್ಯ ಸಹಿ ಹಾಕಿದ. ಹಾಗೆ ಕೈಕೊಟ್ಟು ಕೋಳ ಹಾಕಿಸಿಕೊಂಡ.

ಗಾಡಿ ನಿಮ್ದೇ ಎಂಬ ಮಾತು ಯುಗಾದಿಯವರೆಗೂ ಬಾಳಲಿಲ್ಲ. ಮೊದಲು ಹಿಂದಿನ ಗಾಜಿನಿಂದ ಹನುಮಕ್ಕನ ಹೆಸರನ್ನು ಬ್ಲೇಡಿನಿಂದ ಕೆರೆದು ಟ್ರಾವೆಲ್ಸಿನ ಹೆಸರು ಅಂಟಿಸಿದರು. ಆಮೇಲೆ ಗಿರಾಕಿಗಳ ಫೋನು ಆಫೀಸಿಗೆ ಹೋಗತೊಡಗಿತು, ಬಾಡಿಗೆಯೂ ಅಲ್ಲಿಗೇ. ಒಂದು ದಿನ ಅವನೆದುರೇ ಮಂಜುನಾಥ್ ಯಾರಿಗೋ ಫೋನಿನಲ್ಲಿ, “ವಯಸ್ಸಾಗಿದೆ ಸಾರ್, ಆದ್ರೆ ನಂಬಿಕಸ್ಥ ಡ್ರೈವರ್, ಕಳಿಸ್ತೀನಿ” ಎಂದ. ‘ಮಾವ’ ಹೋಗಿ ‘ಅಂಜಿನಯ್ಯನವರೇ’ ಆಯಿತು. ಎಂಜಿನ್ನಿನ ಬಗ್ಗೆ ಮಾತ್ರ ಒಂದು ಮಾತು ಆಡುವಂತಿರಲಿಲ್ಲ, ಬೆಣ್ಣೆಯ ಹಾಗೆ ಓಡುತ್ತಿತ್ತು.

ಈ ವರ್ಷ ಆಯುಧಪೂಜೆ ಟ್ರಾವೆಲ್ಸ್ ಆಫೀಸಿನ ಮುಂದೆ. ಐದು ಕಾರು ಸಾಲಾಗಿ ನಿಂತಿದ್ದವು. ಅಂಜಿನಯ್ಯ ಎಲ್ಲರಿಗಿಂತ ಮೊದಲು ಬಂದು ತೊಳೆದು, ಹಾರವನ್ನು ಜಾಲರಿಗೆ ತಾಗದಂತೆ ಬಾನೆಟ್ಟಿನ ಮೇಲೆ ಕಟ್ಟಿದ್ದ.

“ಅಲ್ಯಾಕೆ? ಎಲ್ಲಾ ಗಾಡಿ ಥರ ಮುಂದೆ ಕಟ್ಟಿ” ಎಂದ ಮಂಜುನಾಥ್.

“ಗಾಳಿ ಹೋಗಲ್ಲಪ್ಪ. ಹೋದ್ ವರ್ಷ...”

“ಹೇಳಿದಷ್ಟು ಮಾಡಿ.”

ಬಿಚ್ಚಿ ಮುಂದೆ ಕಟ್ಟಿದ. ಮಂಜುನಾಥ್ ಕುಂಬಳಕಾಯಿ ಒಡೆದ, ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದವು. ಡ್ರೈವರುಗಳು ಸಾಲಾಗಿ ನಿಂತರು. ಅಂಜಿನಯ್ಯ ಈಚೆ, ಮನೆಯವರ ಜೊತೆ ಮಗಳ ಪಕ್ಕ ನಿಂತಿದ್ದ. ಅವಳ ಕೈಯಲ್ಲಿನ ತಟ್ಟೆ ನೋಡಿ ಎಣಿಸಿದ. ಡ್ರೈವರುಗಳು ಅಲ್ಲಿ ನಾಲ್ಕೇ ಜನ. ತಟ್ಟೆಯಲ್ಲಿ ಪುರಿ ಪೊಟ್ಟಣ ಐದು.

“ಅಂಜಿನಯ್ಯನವರೇ, ಬನ್ನಿ. ಹಿರಿಯರು, ನಿಮಗೇ ಮೊದಲು.”

ಅವನು ಮಗಳತ್ತ ತಿರುಗಿದ.

“ಈಸ್ಕೊಳ್ಳಿ ಅಪ್ಪ” ಎಂದಳು ದಿವ್ಯ ಮೆಲ್ಲಗೆ. “ಎಲ್ರೂ ನೋಡ್ತಾ ಇದಾರೆ.”

ಹೋದ. ಗಾಡಿ ಒರೆಸಿದ ಟವೆಲ್ಲು ಯಾವಾಗ ಹೆಗಲಿಂದ ಇಳಿಯಿತೋ ಅವನಿಗೇ ತಿಳಿಯಲಿಲ್ಲ. ಎರಡೂ ಕೈ ಚಾಚಿದ್ದವು.

“ಬರ್ಲಿ ಸಾರ್” ಎಂದದ್ದು ಅವನ ಕಿವಿಗೇ ಕೇಳಿಸಿತು.

ಮಂಜುನಾಥ್ ತಿದ್ದಲಿಲ್ಲ. ಮುಂದಿನವನ ಹೆಸರು ಕೂಗಿದ.