ಹುಳುಗಳ ಪಾಲಿನ ಬೆಲ್ಲ

ಲ್ಯಾಬಿನ ಹಿಂದೆ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯ ಡ್ರಮ್ಮಿನ ಮುಚ್ಚಳ ತೆಗೆದರೆ ಸಾಕು, ಭೇರ್ಯದ ಹತ್ತಿರದ ನಮ್ಮ ಆಲೆಮನೆ ನನ್ನ ಮೂಗಿಗೇ ಬಂದು ನಿಲ್ಲುತ್ತದೆ. ಗುಜರಾತಿನ ಎಣ್ಣೆ ಬಾವಿಗಳ ನಡುವೆ ಹನ್ನೊಂದು ವರ್ಷ ಕಳೆದರೂ ಈ ಕಾಟ ತಪ್ಪಿಲ್ಲ. ಜೊತೆಯವರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಾರೆ. ನಾನು ಏನೋ ಪರೀಕ್ಷೆ ಮಾಡುವವಳ ಹಾಗೆ ನಟಿಸುತ್ತಾ ಅಲ್ಲೇ ಒಂದು ನಿಮಿಷ ಹೆಚ್ಚು ನಿಲ್ಲುತ್ತೇನೆ.

ನನ್ನ ಕೆಲಸ ಸೂಕ್ಷ್ಮಾಣುಗಳನ್ನು ಸಾಕುವುದು. ಹಳೆಯ ಬಾವಿಗಳಲ್ಲಿ ಪಂಪು ಎಷ್ಟು ಎಳೆದರೂ ಬಾರದ ಎಣ್ಣೆ, ಕೆಳಗಿನ ಕಲ್ಲಿನ ಸಣ್ಣ ತೂತುಗಳಲ್ಲಿ ಅಂಟಿಕೊಂಡಿರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾಗಳನ್ನು ಕಾಕಂಬಿ ನೀರಿನ ಜೊತೆ ಬಾವಿಗೆ ಇಳಿಸಿ ಕೆಲವು ವಾರ ಮುಚ್ಚಿಡುತ್ತೇವೆ. ಅವು ಅಲ್ಲಿ ತಿಂದು ಬೆಳೆದು, ಗ್ಯಾಸನ್ನೂ ಸಾಬೂನಿನಂಥ ಒಂದು ವಸ್ತುವನ್ನೂ ಬಿಡುತ್ತವೆ. ಆಗ ಎಣ್ಣೆ ಕಲ್ಲನ್ನು ಬಿಟ್ಟು ಸಡಿಲವಾಗುತ್ತದೆ. ಇದನ್ನು ಮೇಲಿನವರಿಗೆ ತಿಳಿಸಲು ನನಗೆ ಇಪ್ಪತ್ತು ಸ್ಲೈಡು ಬೇಕು. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅರ್ಧಕ್ಕೇ ಅರ್ಥವಾಗಿಹೋಯಿತು.

"ಅಂಗಾದ್ರೆ ಕೊಪ್ಪರಿಗೆಗೆ ಬೆಂಡೆ ಲೋಳೆ ಬುಟ್ರೆ ಕೊಳೆಯೆಲ್ಲ ಬುಟ್ಕಂಡು ಮ್ಯಾಕೆ ಬತ್ತದಲ್ಲ, ಅಂಗೆ ಅನ್ನು."

ಬೆಲ್ಲದ ಪಾಕ ನೋಡುವುದರಲ್ಲಿ ಅಪ್ಪ ಎತ್ತಿದ ಕೈ. ಕುದಿಯುವ ನೊರೆಯ ಬಣ್ಣ ನೋಡಿ, ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ, "ಇಳ್ಸಿ" ಎನ್ನುತ್ತಿದ್ದ. ಅವನ ಬೆಲ್ಲದಲ್ಲಿ ಸಿಹಿಯ ಹಿಂದೆಯೇ ಒಂದಿಷ್ಟು ಹೊಗೆಯ ರುಚಿ ಬರುತ್ತಿತ್ತು. ಕಣ್ಣು ಕಟ್ಟಿ ಹತ್ತು ಆಲೆಮನೆಯ ಬೆಲ್ಲ ಕೊಟ್ಟರೂ ಅದನ್ನು ನಾನು ಗುರುತಿಸುತ್ತಿದ್ದೆ. ದಾರಿಯಲ್ಲಿ ಹೋಗುವವರು ಯಾರೇ ಒಳಗೆ ಬಂದರೂ ಒಂದು ಚೊಂಬು ಹಾಲು, ಅಂದರೆ ಕಬ್ಬಿನ ಹಾಲು, ಎಲೆಯ ಮೇಲೆ ಒಂದು ತುಂಡು ಬಿಸಿ ಬೆಲ್ಲ ಕೊಡದೆ ಅಪ್ಪ ಕಳಿಸುತ್ತಿರಲಿಲ್ಲ.

ಹಾಗಾಗಿ ಆ ದಿನ ಫೋನಿನಲ್ಲಿ ಅವನಿಗೆ ಸಿಟ್ಟು ಬಂದದ್ದು ನನ್ನ ಸೂಕ್ಷ್ಮಾಣುಗಳ, ಅವನ ಬಾಯಲ್ಲಿ ಹುಳುಗಳ, ಊಟದ ವಿಷಯಕ್ಕೆ. "ಕಾಕಂಬಿ ಇಕ್ಕೀರಾ? ಫ್ಯಾಕ್ಟ್ರಿ ಕಸ ಕಣವ್ವ ಅದು. ಅಷ್ಟೊಂದು ಕೆಲ್ಸ ಮಾಡೋ ಜೀವುಕ್ಕೆ ಕಸ ಇಕ್ಕಕ್ಕೆ ನಾಚ್ಕೆ ಆಗಲ್ವಾ?"

ಮುಂದಿನ ವಾರ ಪಾರ್ಸೆಲ್ ಬಂತು. ಹತ್ತು ಅಚ್ಚು ಬೆಲ್ಲ, ಮೇಲೆ ತಮ್ಮನ ಮಗಳ ಕೈಬರಹದಲ್ಲಿ "ಹುಳುಗಳಿಗೆ" ಎಂಬ ಚೀಟಿ. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಗೂ ಬರತೊಡಗಿತು. ಬಾವಿಯೊಂದು ಟ್ಯಾಂಕರುಗಟ್ಟಲೆ ಕಾಕಂಬಿ ಕುಡಿಯುತ್ತದೆ; ಹತ್ತು ಅಚ್ಚು ಅದಕ್ಕೆ ಯಾವ ಮೂಲೆಗೂ ಸಾಲದು, ನಿಯಮವೂ ಬಿಡದು. ಬೆಲ್ಲವನ್ನೆಲ್ಲ ಲ್ಯಾಬಿನವರಿಗೆ ಹಂಚಿಬಿಡುತ್ತಿದ್ದೆ. ಅವರು ಚಹಾದ ಜೊತೆ ಕಡಿದು ತಿನ್ನುತ್ತಿದ್ದರು. ನಾನು ಅಪ್ಪನಿಗೆ ಫೋನು ಮಾಡಿ, "ಚೆನ್ನಾಗಿ ತಿಂದವು ಅಪ್ಪಾ" ಎನ್ನುತ್ತಿದ್ದೆ. ಒಂದು ವರ್ಷ ಬಾವಿಯಲ್ಲಿ ಎಣ್ಣೆ ಹೆಚ್ಚಿತು ಎಂದಾಗ, ಅದು ತನ್ನ ಬೆಲ್ಲದ ಮಹಿಮೆ ಎಂದು ಸಾಲಿಗ್ರಾಮದ ಸಂತೆಯವರೆಗೂ ಸಾರಿಕೊಂಡು ಬಂದನಂತೆ.

ನಾನು ಮಾತ್ರ ಒಂದು ಚೂರೂ ಬಾಯಿಗಿಡುತ್ತಿರಲಿಲ್ಲ. ತಿಂದರೆ ಊರಿಗೆ ಹೊರಟುಬಿಡುತ್ತೇನೆಂಬ ಹೆದರಿಕೆ. ನಾವು ಬಾವಿ ಮುಚ್ಚಿ ಕಾಯುವ ಕಾಲವೂ ನಮ್ಮಲ್ಲಿ ಆಲೆ ಆಡುವ ಕಾಲವೂ ಒಂದೇ ಆಗಿಬಿಟ್ಟಿತ್ತು. "ಆಲೆ ಆಡೋವಾಗ ಒಂದ್ಸಲ ಬಂದೋಗವ್ವ" ಎಂದು ಅಪ್ಪ ಪ್ರತಿ ವರ್ಷ ಕರೆಯುತ್ತಿದ್ದ. ಬಾವಿ ತೆರೆಯಲಿ, ಬರುತ್ತೇನೆ ಎನ್ನುತ್ತಿದ್ದೆ. ಕಳೆದ ಮೂರು ವರ್ಷ ಅವನು ಕರೆಯಲಿಲ್ಲ, ನಾನು ಊರಿನ ಕಡೆ ಹೋಗಲೂ ಇಲ್ಲ. ನನ್ನ ಕೆಲಸದ ಕಷ್ಟ ಕೊನೆಗೂ ಅರ್ಥವಾಯಿತಲ್ಲ ಎಂದು ನೆಮ್ಮದಿಪಟ್ಟೆ, ಪೆದ್ದಿ.

ಈ ಜನವರಿಯಲ್ಲಿ ಹೇಗೋ ರಜೆ ಸಿಕ್ಕಿತು. ಯಾರಿಗೂ ಹೇಳದೆ ಹೊರಟೆ. ಕೆ.ಆರ್. ನಗರ ದಾಟಿದ ಮೇಲೆ ಬಸ್ಸಿನ ಕಿಟಕಿಗೆ ಮುಖವೊಡ್ಡಿ ಕೂತೆ. ಎಷ್ಟು ವರ್ಷದ ಹಸಿವು ಅದು! ಇಳಿದವಳು ಮನೆಗೂ ಹೋಗದೆ ನೇರ ಗದ್ದೆಯ ದಾರಿ ಹಿಡಿದೆ. ಹೊಗೆ ಇರಲಿಲ್ಲ. ಗಾಣವೂ ಇರಲಿಲ್ಲ. ಒಲೆಯಿದ್ದ ಗುಂಡಿಯನ್ನು ಮುಚ್ಚಿ ತಮ್ಮ ತೆಂಗಿನ ಸಸಿ ನೆಟ್ಟಿದ್ದ, ಅವು ನನ್ನ ಎದೆಯೆತ್ತರ ಬೆಳೆದಿದ್ದವು.

ಅಪ್ಪ ಮನೆಯ ಜಗಲಿಯಲ್ಲಿ ದಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದ. ಮಾತನಾಡಿಸಿದ ಮೇಲೆಯೇ ನಾನೆಂದು ಗೊತ್ತಾಗಿದ್ದು.

"ಕಣ್ಣು ಮಂಜಾಯ್ತು ಕಣವ್ವ. ಆಪ್ರೇಸನ್ ಮಾಡ್ಸುದ್ರೂ ಪಾಕದ ಬಣ್ಣ ತಿಳೀನಿಲ್ಲ. ಎಲ್ಡು ಕೊಪ್ಪರಿಗೆ ಸೀದೋಯ್ತು. ನಿಲ್ಲಿಸ್ಬುಟ್ಟೆ. ಮೂರೊರ್ಸ ಆಯ್ತು. ನಿಂಗೆ ಯೋಳ್ಬ್ಯಾಡಿ ಅಂದಿದ್ದೆ ಎಲ್ರುಗೂ."

"ಮತ್ತೆ ಪಾರ್ಸೆಲ್ಲು?"

"ಪಕ್ಕದೂರಿಂದ ತರ್ಸಿ ಕಳಿಸ್ತಿದ್ದೆ. ಯಾರು ಕಾಸಿದ್ದು ಅಂತ ಉಳುಗೊಳ್ಗೇನು ಗೊತ್ತಾದದು?" ಎಂದು ನಕ್ಕ. ಆಮೇಲೆ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಹೇಳಿದ: "ನೀನು ಒಂದ್ಚೂರು ಬಾಯಿಗಾಕ್ಕತೀಯ ಅನ್ಕಂಡಿದ್ದೆ. ಮೊದ್ಲ್ನೇ ಸಲ ಆ ಬೆಲ್ಲ ಕಳಿಸ್ದಾಗ, 'ಇದು ನಿಂದಲ್ಲ ಕಣಪ್ಪ' ಅಂತ ಫೋನ್ ಮಾಡ್ತೀಯ ಅಂತ ಕಾಯ್ತಿದ್ದೆ ಕಣವ್ವ."

ಆ ಸಲ ನಾನು ಫೋನು ಮಾಡಿದ್ದೆ. ಹುಳುಗಳು ಚೆನ್ನಾಗಿ ತಿಂದವು ಅಪ್ಪಾ, ಈ ವರ್ಷದ್ದು ಇನ್ನೂ ರುಚಿಯಾಗಿತ್ತು ಅಂತ ಕಾಣುತ್ತೆ, ಎಂದಿದ್ದೆ.