ದೃಷ್ಟಿ ತಾಗಿದ ಚಿಪ್

ಆಗ ನಾನು ಹೆಬ್ಬಾಳದ ಲ್ಯಾಬೊಂದರಲ್ಲಿ ಗಾಜಿನ ಚಿಪ್ ಒಂದನ್ನು ಪರೀಕ್ಷಿಸುತ್ತಿದ್ದೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಅವಕ್ಕೆ ಆ್ಯಂಟಿಬಾಡಿಯ ಲೇಪ. ರಕ್ತ ಹರಿದುಹೋಗುವಾಗ ಅದರಲ್ಲಿ ಅಲೆಯುವ ಕ್ಯಾನ್ಸರ್ ಜೀವಕೋಶಗಳು ಮಾತ್ರ ಅಂಟಿಕೊಂಡು ಉಳಿಯಬೇಕು.

ಪರೀಕ್ಷೆಗೆ ರಕ್ತ ಕೊಟ್ಟವರು ಅಟ್ಟೂರಿನ ಗೌರಮ್ಮ. ಅವರಿಗೆ ಸ್ತನ ಕ್ಯಾನ್ಸರ್. "ನನ್ ರಕ್ತ ಏನ್ ಮಾಡ್ತೀಯೋ ನೋಡ್ಬೇಕು ಕಣವ್ವ" ಅಂತ ಹಿಂದೆಯೇ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರು ತಂದಿದ್ದ ಮುದ್ದೆ ಊಟ ಮುಗಿಸಿ ಬರುವಷ್ಟರಲ್ಲಿ ನಾನು ಮೈಕ್ರೋಸ್ಕೋಪಿನಲ್ಲಿ ಚಿಪ್ಪಿನ ಮೂಲೆಮೂಲೆ ಜಾಲಾಡಿದ್ದೆ. ಒಂದು ಕ್ಯಾನ್ಸರ್ ಕೋಶವೂ ಸಿಕ್ಕಿರಲಿಲ್ಲ. ಅವರಿಗೂ ಹಾಗೇ ಹೇಳಿದೆ.

"ಅಂಗಾರೆ ಒಳ್ಳೇದಲ್ವಾ?" ಅಂದರು.

"ಹಾಗೆ ಹೇಳೋಕಾಗಲ್ಲಮ್ಮ. ಇದ್ರೂ ನಮ್ ಚಿಪ್ ಹಿಡೀದೇ ಇರಬಹುದು" ಅಂದೆ. ನನ್ನ ಮುಖ ಸಪ್ಪಗಾಗಿದ್ದು ಅವರಿಗೆ ಕಂಡಿರಬೇಕು.

"ಇದನ್ನ ಎಲ್ರಿಗೂ ತೋರಿಸ್ತೀಯಾ?"

"ಬಂದೋರಿಗೆಲ್ಲ ತೋರಿಸ್ತೀನಿ."

"ಅದಕ್ಕೇ ಇಂಗಾಗಿರೋದು. ಕಣ್ ಬಿದ್ದೈತೆ."

ಎದ್ದು ಬಂದು, ಚಿಪ್ಪಿನ ಮೇಲೆ ಎರಡೂ ಕೈ ಇಳಿತೆಗೆದು, ತಮ್ಮ ಕೆನ್ನೆಗೆ ಬೆರಳೊತ್ತಿ ಲಟಲಟನೆ ನೆಟಿಕೆ ಮುರಿದರು. "ಬೇಜಾರ್ ಮಾಡ್ಕೋಬೇಡ ಮಗಾ. ಮುಂದಿನ್ ಸಲ ಖಂಡಿತ ಸಿಗ್ತದೆ."

ತಾವು ಏನು ಹರಸಿದೆವು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಕೂದಲುದುರಿದ ತಲೆಗೆ ಸೆರಗು ಎಳೆದುಕೊಂಡು ಬಸ್ಸಿಗೆ ಹೊರಟರು.

ಅವರು ಮತ್ತೆ ರಕ್ತ ಕೊಡಲು ಬರುವ ಹೊತ್ತಿಗೆ ಹೊಸ ಚಿಪ್‌ಗೆ ಇನ್ನಷ್ಟು ಜೋಪಾನವಾಗಿ ಆ್ಯಂಟಿಬಾಡಿ ಹಚ್ಚಿದೆ. ಹಚ್ಚುತ್ತಲೇ, ಏನೂ ಸಿಗದಿರಲಪ್ಪಾ ಅಂತ ಬೇಡಿಕೊಂಡೆ. ನಮ್ಮ ಬಾಸ್‌ಗೆ ಇದನ್ನು ಇವತ್ತಿಗೂ ಹೇಳಿಲ್ಲ.